ಕಾಡತೂಸಿನ ಪಾದಯಾತ್ರೆ

ಬಂದೂಕಿನ ಕಾಡತೂಸಿನ ಡಬ್ಬಿಯ ಮೇಲೆ ಮೆಂತೆಪಲ್ಲೆಯ ಎರಡು ಸಿವುಡು ಹೊಂದಿಸಿ, ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಅತ್ತೆ ಸುಗಲಾಬಾಯಿ ಕಲಬುರಗಿಯಿಂದ ಕಮಲಾಪುರದವರೆಗೂ ಬಸ್ಸಿನಲ್ಲಿ ನಿದ್ದೆ ಮಾಡಿದಳು. ಪಕ್ಕದಲ್ಲಿ ನಾನಿದ್ದೆ. ಮಳೆ ಇನ್ನೂ ಬಿದ್ದಿರಲಿಲ್ಲ. ಕಿಟಕಿಯಿಂದ ಬರುವ ಗಾಳಿ ಬಿಸಿಯಾಗಿತ್ತು. ಮಹಾಗಾಂವ ಕ್ರಾಸಿನಲ್ಲಿ ಹತ್ತಿದ ಹೆಂಗಸೊಬ್ಬಳು ಪಲ್ಲೆ ಎಷ್ಟಕ್ಕೆ ತಂದಿರಿ ಎಂದು ಕೇಳುತ್ತ ಒಂದು ಸಿವುಡು ಎತ್ತಿ ನೋಡಲು ಬಂದಳು. ಅತ್ತೆ ಕಣ್ಣು ತೆರೆಯದೆಯೇ ಚೀಲದ ಬಾಯಿ ಹಿಡಿದುಕೊಂಡು, ಬಾಡಿದ ಪಲ್ಲೆ, ನೋಡುವಂಥದ್ದೇನೂ ಇಲ್ಲ ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ಬಸ್ಸಿನಲ್ಲಿ ಕಾಡತೂಸು ತಂದದ್ದು ಅದೇ ಕೊನೆ. ಆ ದಿನ ನಮಗದು ಗೊತ್ತಿರಲಿಲ್ಲ. ಇಳಿದು ಮನೆಗೆ ಹೋಗಿ ಪಲ್ಲೆ ಸೋಸಿದೆವು, ರೊಟ್ಟಿ ಬಡಿದೆವು.

ಅತ್ತೆ ಎಂದು ಬರೆದೆ. ಹಾಗೆ ನಾನು ಅವಳನ್ನು ಕರೆದದ್ದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಮಾತಿಗೊಮ್ಮೆ ರೀ ಅನ್ನುತ್ತಿದ್ದೆ. ಒಂದು ದಿನ ಒಲೆಯ ಮುಂದೆ ಕೂತಿದ್ದಾಗ, "ಮಹಾದೇವಿ, ಆ ರೀ ಠಾಣೇದಾಗಿನ ಸಾಹೇಬ್ರಿಗೆ ಇಟ್ಟುಕೋ. ನನಗ ಅವ್ವಾ ಅನ್ನು, ಸಾಕು," ಎಂದಳು. ಅಂದಿನಿಂದ ಅವಳು ನನಗೆ ಅವ್ವ.

ಅವ್ವ ತೆಳ್ಳಗೆ, ಎತ್ತರವಾಗಿದ್ದಳು. ಹಣೆಗೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಸಣ್ಣದು. ಗುರಿ ಹಿಡಿದು ಹಿಡಿದು ಹಾಗಾಗಿದೆ ಎಂದು ಓಣಿಯವರು ಹೇಳುತ್ತಿದ್ದರು. ಅದು ಹುಟ್ಟಿದಾಗಿನಿಂದಲೂ ಹಾಗೇ ಇತ್ತು. ಅವಳ ಹತ್ತಿರ ಒಂಟಿ ನಳಿಗೆಯ ಒಂದು ಬಂದೂಕಿತ್ತು. ಅದಕ್ಕೆ ಅವಳ ಹೆಸರಿನಲ್ಲೇ ಲೈಸೆನ್ಸ್ ಇತ್ತು. ಬೆಳೆ ಕಾಯಲಿಕ್ಕೆ ಕೊಟ್ಟ ಲೈಸೆನ್ಸ್.

ಕಮಲಾಪುರದ ಕೆಂಪು ಬಾಳೆಯನ್ನು ಎಲ್ಲರೂ ತಿಂದು ಹೊಗಳುತ್ತಾರೆ. ಅದನ್ನು ಬೆಳೆಯುವವರ ಕಷ್ಟ ಕಾಡುಹಂದಿಗೆ ಮಾತ್ರ ಗೊತ್ತು. ಹಂದಿಗೆ ಹಣ್ಣು ಬೇಕಿಲ್ಲ. ಬುಡ ಕೆದರಿ ಗಡ್ಡೆ ತಿನ್ನುತ್ತದೆ. ಗಿಡ ತಾನಾಗಿ ಮಲಗುತ್ತದೆ. ಗೊನೆ ಹಾಕಿದ ಸಾಲುಸಾಲನ್ನೇ ಹಂದಿಗಳು ಕೆಡವಿ ಹೋಗುತ್ತವೆ. ಅವ್ವ ಹೊತ್ತು ಮುಳುಗುವಾಗ ಬದುವಿನ ಮೇಲೆ ನಿಂತು, ಕರಡಿಗೆಯನ್ನು ಎಡಕ್ಕೆ ಸರಿಸಿ, ಬಲಭುಜದ ಮೇಲೆ ಟವೆಲ್ ಮಡಚಿಟ್ಟು, ಆಕಾಶದ ಕಡೆಗೆ ಒಂದು ಗುಂಡು ಹಾರಿಸುತ್ತಿದ್ದಳು. ಒಂದು ಹಂದಿಯನ್ನೂ ಅವಳು ಕೊಂದದ್ದನ್ನು ನಾನು ಕಾಣೆ. ಕೇಳಿದರೆ, "ಹೊಡ್ಯಾಕ ಅಲ್ಲ ಇದು. ನಾವು ಎಚ್ಚರ ಅದೀವಿ ಅಂತ ಹೇಳಾಕ," ಅನ್ನುತ್ತಿದ್ದಳು. ಆ ಸದ್ದು ಹಂದಿಗಳಿಗಷ್ಟೇ ಕೇಳುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತೋಟದ ಬದು ಸರಿಸಲು ನೋಡಿದ ಮೈದುನನಿಗೂ ಕೇಳುತ್ತಿತ್ತು.

ಬಂದೂಕು ಮೊದಲು ಮಾವನವರದು. ಅವರು ತೀರಿಕೊಂಡಾಗ ಆ ಮೈದುನನೇ ದಿನಕರ್ಮ ಮುಗಿಯುವ ಮೊದಲು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಮಾತು ಎತ್ತಿದನಂತೆ. ಹೆಣ್ಣುಮಕ್ಕಳ ಮನೆಯಲ್ಲಿ ಬಂದೂಕು ಯಾಕೆ, ಅದೂ ಗಂಡ ಇಲ್ಲದ ಮನೆಯಲ್ಲಿ ಎಂದನಂತೆ. ಅವ್ವ ಕಲಬುರಗಿಯ ಕಚೇರಿಗೆ ಒಬ್ಬಳೇ ಹೋದಳು. ಅಲ್ಲಿಯೂ ಒಬ್ಬರು ಅದೇ ಮಾತು ಆಡಿದರು. ಅವಳು ಮೇಜಿನ ಮೇಲೆ ಬಳೆಯಿಲ್ಲದ ಬರಿಗೈ ಚಾಚಿ, "ಬಳಿ ಒಡದ ಕೈ ಬಂದೂಕು ಹಿಡೀಬಾರ್ದಂತ ಯಾವ ಕಾಯ್ದಿದಾಗ ಬರದದರಿ? ತೋರಸ್ರಿ, ಓದಿಸಿ ಕೇಳ್ತೀನಿ," ಎಂದಳು. ಇದನ್ನು ನನಗೆ ಹೇಳಿದವರು ಅವಳಲ್ಲ, ಆ ದಿನ ಅದೇ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದ ಮಹಾಗಾಂವದ ಕಾಸಿಂಸಾಬರು. ಮಿಲಿಟರಿಯಿಂದ ನಿವೃತ್ತರಾಗಿ ಬಂದವರು, ಅವರ ಬಳಿಯೂ ಬಂದೂಕಿದೆ. ಲೈಸೆನ್ಸ್ ಅವ್ವನ ಹೆಸರಿಗೆ ಬಂತು.

ಕಾಯ್ದೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಚುನಾವಣೆ ಬಂದಾಗ ಎಲ್ಲರ ಬಂದೂಕೂ ಠಾಣೆಗೆ ಜಮಾ ಆಗಬೇಕು. ಉಳಿದವರು ಗೊಣಗುತ್ತಿದ್ದರು, ಅವಳು ಎಲ್ಲರಿಗಿಂತ ಮೊದಲು ಕೌದಿಯಲ್ಲಿ ಸುತ್ತಿ ಕೊಟ್ಟು ಬರುತ್ತಿದ್ದಳು. ಎಲೆಕ್ಷನ್ ಬಂದರೆ ಹಂದಿಗಳಿಗೆ ಹಬ್ಬ, ಅವಕ್ಕೂ ಒಂದು ವೋಟು ಕೊಟ್ಟುಬಿಡಿ ಎಂದು ಸಾಹೇಬರಿಗೆ ನಗುತ್ತ ಹೇಳುತ್ತಿದ್ದಳು. ವಾಪಸು ತರುವಾಗ ಮಾತ್ರ ಠಾಣೆಯ ಮೆಟ್ಟಿಲ ಮೇಲೆ ನಿಂತು ನಳಿಗೆ ಮಡಚಿ, ಒಂದು ಕಣ್ಣಿಟ್ಟು ಬೆಳಕಿಗೆ ಹಿಡಿದು, ತುಕ್ಕು ಕಂಡರೆ ಅಲ್ಲೇ ತೋರಿಸುತ್ತಿದ್ದಳು. ಅವಳದೊಂದು ಮಾತಿತ್ತು: "ಕಾಗದ ಕೇಳ್ರಿ, ಕೊಡ್ತೀನಿ. ಬಂದೂಕು ಕೇಳಬ್ಯಾಡ್ರಿ."

ಆ ಮಾತು ಪರೀಕ್ಷೆಗೆ ಬಂದದ್ದು ದೀಪಾವಳಿಯ ಹೊತ್ತಿಗೆ.

ವರ್ಷಕ್ಕೆ ಎರಡು ಸಲ ನಾವಿಬ್ಬರೂ ಕಾಡತೂಸು ತರಲು ಕಲಬುರಗಿಗೆ ಹೋಗುತ್ತಿದ್ದೆವು. ಅಲ್ಲಿನ ಖೂಬಾ ಪ್ಲಾಟ್‌ನಲ್ಲಿ ನನ್ನ ತವರುಮನೆ. ಅಲ್ಲಿ ಊಟ ಮಾಡಿ ಪೇಟೆಯ ಜಗತ್‌ ಕಡೆಗೆ ಹೋದರೆ ಉಸ್ಮಾನ್ ಸೇಠರ ಅಂಗಡಿ. ಅವರ ತಂದೆಯ ಕಾಲದಿಂದಲೂ ಬಂದೂಕಿನ ವ್ಯಾಪಾರ. ಅವ್ವ ಒಂದೊಂದೇ ಕಾಡತೂಸನ್ನು ಗಾಜಿನ ಮೇಲೆ ಉರುಳಿಸಿ ನೋಡುತ್ತಿದ್ದಳು. ಹಸಿ ಹಿಡಿದು ಉಬ್ಬಿದ್ದು ಸೀದಾ ಉರುಳುವುದಿಲ್ಲ, ಓಲಾಡುತ್ತದೆ. ಅಂಥದ್ದನ್ನು ಬದಿಗೆ ಸರಿಸಿ, ಇದು ಕುಡಿದು ಬಂದಿದೆ ಸೇಠ್, ಮನೆಗೆ ಕಳಿಸು ಅನ್ನುತ್ತಿದ್ದಳು. ಸೇಠರು ಚಹಾ ತರಿಸುತ್ತಿದ್ದರು. ಅವಳು ಬಸ್ಸಿನ ಹೊತ್ತಾಯಿತು ಎನ್ನುತ್ತಲೇ ಕುಡಿಯುತ್ತಿದ್ದಳು.

ಆ ಸಲ ಸೇಠರು ಡಬ್ಬಿ ತೆಗೆಯಲಿಲ್ಲ. ಮುಖವನ್ನೂ ಎತ್ತಲಿಲ್ಲ.

"ಅಮ್ಮಾ, ಮಾಲ್ ಅದ. ಕೊಡೋ ಹುಕುಂ ಇಲ್ಲ," ಎಂದರು.

ಹೊಸ ಆದೇಶ ಬಂದಿತ್ತು. ಇನ್ನು ಮುಂದೆ ಕಾಡತೂಸು ಬೇಕೆಂದರೆ ಮೊದಲು ತಮ್ಮ ಊರಿನ ಠಾಣೆಯ ಪರವಾನಗಿ ಬೇಕು. ಹಿಂದೆ ಕೊಂಡು ಹಾರಿಸಿದವುಗಳ ಖಾಲಿ ಕೊಳವೆ ಒಂದೂ ಬಿಡದೆ ಒಪ್ಪಿಸಬೇಕು. ಕೊಂಡದ್ದನ್ನು ಬಸ್ಸಿನಲ್ಲಾಗಲಿ ಬಾಡಿಗೆಯ ಟೆಂಪೋದಲ್ಲಾಗಲಿ ಒಯ್ಯುವಂತಿಲ್ಲ. ಲೈಸೆನ್ಸ್ ಇದ್ದವರು ತಾವೇ ಒಯ್ಯಬೇಕು, ವಾಹನ ಅವರ ಹೆಸರಿನದೇ ಆಗಿರಬೇಕು. ಸೇಠರು ಇದನ್ನೆಲ್ಲ ತಮ್ಮದೇ ತಪ್ಪೆಂಬಂತೆ ಸಣ್ಣ ದನಿಯಲ್ಲಿ ಹೇಳಿದರು. ಬೆಳಗಿನಿಂದ ಬಂದವರೆಲ್ಲ ತಮ್ಮನ್ನೇ ಬೈದು ಹೋಗಿದ್ದಾರೆ ಎಂದರು. ಅವ್ವ ಬೈಯಲಿಲ್ಲ. ಚಹಾ ಹೇಳು ಸೇಠ್, ಅದಕ್ಕೇನೂ ಹುಕುಂ ಬಂದಿಲ್ಲವಲ್ಲ ಎಂದಳು.

ಕಮಲಾಪುರದಲ್ಲಿ ಲೈಸೆನ್ಸ್ ಇದ್ದವರೆಲ್ಲ ಒಂದು ಸಂಜೆ ಸೇರಿದರು. ನಿವೃತ್ತ ಮಾಸ್ತರರೊಬ್ಬರ ಕಟ್ಟೆಯ ಮೇಲೆ. ಅವ್ವನ ಜೊತೆಗೆ ನಾನೂ ಹೋಗಿದ್ದೆ, ಹೆಂಗಸರೆಂದರೆ ನಾವಿಬ್ಬರೇ. ಸಿಟ್ಟು ಎಲ್ಲರಿಗೂ ಇತ್ತು. ಲೈಸೆನ್ಸ್ ಇರುವವರಿಗೆ ಮಾತ್ರ ಇಷ್ಟು ಕಾಟ, ಇಲ್ಲದವರನ್ನು ಯಾರು ಕೇಳುತ್ತಾರೆ ಎಂದು ಒಬ್ಬರು. ನಾವು ರೈತರೋ ಡಕಾಯಿತರೋ ಎಂದು ಇನ್ನೊಬ್ಬರು. ಮಾಸ್ತರರು, ಈ ವಯಸ್ಸಿನಲ್ಲಿ ಠಾಣೆ ಅಲೆಯುವುದು ಬೇಡ, ಎಲ್ಲರೂ ಬಂದೂಕು ಜಮಾ ಮಾಡಿ ಕೈ ತೊಳೆದುಕೊಳ್ಳೋಣ ಎಂದರು. ರಸ್ತೆ ಕೆಲಸದ ಗುತ್ತಿಗೆದಾರನೊಬ್ಬನಿದ್ದ, ಸೊಂಟದಲ್ಲಿ ರಿವಾಲ್ವರ್ ಕಾಣುವ ಹಾಗೆ ಅಂಗಿ ಹೊಲಿಸಿಕೊಂಡವನು. ಅವನು ದನಿ ಇಳಿಸಿ, ಗಡಿಯ ಆಚೆಯಿಂದ ಎಷ್ಟು ಬೇಕಾದರೂ ತರಿಸಿಕೊಡುತ್ತೇನೆ, ಪರವಾನಗಿಯ ಮಾತೇ ಇಲ್ಲ ಎಂದ. ಕೆಲವರು ತಲೆಯಾಡಿಸಿದರು.

 ಆಗ ಅವ್ವ ಅವನಿಗೆ ಅಂದಳು: "ಕದ್ದು ತಂದ ಮ್ಯಾಲೆ ನಾ ಯಾವ ಮಾರಿ ಇಟ್ಟುಕೊಂಡು ಹಂದಿಗೆ ಬೈಲೋ ತಮ್ಮಾ? ಅದೂ ಕಳ್ಳ, ನಾನೂ ಕಳ್ಳಿ." ಆಮೇಲೆ ಮಾಸ್ತರರ ಕಡೆ ತಿರುಗಿದಳು. "ಜಮಾ ಮಾಡೋದು ಸರ್ಕಾರದವ್ರಿಗೆ ಬೇಕಾಗೇದರಿ ಮಾಸ್ತರ್. ಕಸಗೊಂಡ್ರ ಹೆಸರು ಕೆಡ್ತದ. ನಾವ ಬ್ಯಾಸತ್ತು ಕೊಟ್ರ ಕೆಡಂಗಿಲ್ಲ. ನಾ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ. ಅವ್ರು ಏನೇನು ಕೇಳ್ತಾರ, ಎಲ್ಲಾ ಕೊಡ್ತೀನಿ."

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲ ತೊಡಕು ಖಾಲಿ ಕೊಳವೆಗಳದು. ಅವ್ವ ಅವನ್ನು ಎಂದೂ ಎಸೆದವಳಲ್ಲ. ತೊಳೆದು, ಒಣಗಿಸಿ, ಬೀಜ ತುಂಬಿಡುತ್ತಿದ್ದಳು. ಸೌತೆ, ಹೀರೆ, ಬದನೆ, ಒಂದೊಂದರಲ್ಲೂ ಒಂದೊಂದು. ಬಾಯಿಗೆ ಅರಳೆ ಒತ್ತಿದರೆ ಹುಳ ಬೀಳುತ್ತಿರಲಿಲ್ಲ. ಮದ್ದಿನ ವಾಸನೆಗೆ ಇರುವೆ ಹತ್ತಿರ ಸುಳಿಯುತ್ತಿರಲಿಲ್ಲ. ಓಣಿಯಲ್ಲಿ ಯಾರು ಬೀಜ ಕೇಳಿದರೂ ಕೊಳವೆಯ ಸಮೇತ ಕೊಟ್ಟು ಕಳಿಸುತ್ತಿದ್ದಳು. ಹೀಗಾಗಿ ಸರ್ಕಾರಕ್ಕೆ ಒಪ್ಪಿಸಬೇಕಾದ ಕೊಳವೆಗಳು ಕಮಲಾಪುರದ ಅರ್ಧ ಮನೆಗಳ ನೆಲುವಿನಲ್ಲಿ ಕೂತಿದ್ದವು.

ನಾವಿಬ್ಬರೂ ಮೊರ ಹಿಡಿದುಕೊಂಡು ಮನೆಮನೆಗೆ ಹೋದೆವು. ಅವ್ವ ಬಾಗಿಲಲ್ಲಿ ನಿಂತು, ಬೀಜ ನಿನ್ನದು, ಕೊಳವೆ ಸರ್ಕಾರದ್ದು, ಸುರಿದು ಕೊಡು ಎನ್ನುತ್ತಿದ್ದಳು. ಒಬ್ಬಳು ಅದರಲ್ಲಿ ಸೂಜಿ ಇಟ್ಟಿದ್ದಳು. ಒಬ್ಬ ಮುದುಕ ನಶ್ಯ ತುಂಬಿಕೊಂಡಿದ್ದ, ಬಿಟ್ಟುಕೊಡಲು ಒಪ್ಪಲೇ ಇಲ್ಲ. ಅವ್ವ ತನ್ನ ಅಡಿಕೆಯ ಡಬ್ಬಿ ಕೊಟ್ಟು ಬಿಡಿಸಿಕೊಂಡಳು. ಒಂದನ್ನು ಮಕ್ಕಳು ಸೀಟಿ ಮಾಡಿ ಊದುತ್ತಿದ್ದರು. ಇನ್ನೊಂದು ಮೈದುನನ ಮನೆಯಲ್ಲಿತ್ತು. ಅವನ ಹೆಂಡತಿ ಗುಟ್ಟಾಗಿ ಬೀಜ ಒಯ್ದಿದ್ದಳೆಂದು ಅವನಿಗೆ ಅಂದೇ ಗೊತ್ತಾದದ್ದು. ಎಲ್ಲ ಸೇರಿಸಿ ಠಾಣೆಯ ರೈಟರನ ಮೇಜಿನ ಮೇಲೆ ಸುರಿದಾಗ ಅವನು ಮೂಗು ಮುಚ್ಚಿಕೊಂಡ. ಕೆಲವು ಕೊಳವೆಗಳಿಂದ ಬದನೆ ಬೀಜ ಇನ್ನೂ ಉದುರುತ್ತಿದ್ದವು. ಅವ್ವ ಅವನ್ನು ಬೆರಳಿನಿಂದ ಒಂದೊಂದಾಗಿ ಹೆಕ್ಕಿ ಸೆರಗಿನಲ್ಲಿ ಕಟ್ಟಿಕೊಂಡಳು.

ಎರಡನೆಯ ತೊಡಕು ವಾಹನ. ರೈಟರ್ ಗಾಡಿಯ ನಂಬರ್ ಕೇಳಿದ. ಮೋಟರ್‌ಸೈಕಲ್ ಇರುವುದು ನನ್ನ ಗಂಡ ಶರಣಪ್ಪನ ಹೆಸರಿನಲ್ಲಿ. ಅದು ನಡೆಯುವುದಿಲ್ಲ, ನಿಮ್ಮ ಹೆಸರಿನದೇ ಬೇಕು ಎಂದ. ಹಾಗಾದರೆ ಅವ್ವನ ಹೆಸರಿನಲ್ಲಿ ಒಂದು ಸ್ಕೂಟರ್ ತೆಗೆದುಕೊಳ್ಳೋಣವೇ ಎಂದು ನನ್ನ ಗಂಡ ಅಲ್ಲೇ ಕೇಳಿದರು. ಅವ್ವ ಮಗನನ್ನು ಒಮ್ಮೆ ನೋಡಿದಳು, ರೈಟರನನ್ನು ಒಮ್ಮೆ ನೋಡಿದಳು.

"ನನ್ನ ಹೆಸರಿಲೆ ಎರಡು ಕಾಲು ಅವ. ಅದನ್ನ ಬರಕೋ," ಎಂದಳು.

ರೈಟರ್ ನಕ್ಕ. ಅವಳು ನಗಲಿಲ್ಲ. ನಡೆದು ಒಯ್ಯಬಾರದು ಎಂದು ಆದೇಶದಲ್ಲಿ ಎಲ್ಲಿದೆ ಎಂದು ಕೇಳಿದಳು. ಅವನು ಕಾಗದ ತಿರುವಿ ನೋಡಿದ, ಒಳಗೆ ಹೋಗಿ ಸಾಹೇಬರನ್ನು ಕೇಳಿದ, ಹೊರಗೆ ಬಂದು ಮತ್ತೆ ಕಾಗದ ನೋಡಿದ. ಎಲ್ಲಿಯೂ ಇರಲಿಲ್ಲ. ಅವಳು ಸಂಕ್ರಾಂತಿಯವರೆಗೂ ಠಾಣೆಗೆ ಹೋಗುತ್ತಲೇ ಇದ್ದಳು. ಕೊನೆಗೆ ವಾಹನದ ಜಾಗದಲ್ಲಿ ಕಾಲ್ನಡಿಗೆ ಎಂದು ಬರೆದ ಪರವಾನಗಿ ಅವಳ ಕೈಗೆ ಬಂತು.

ಶಿವರಾತ್ರಿಗೆ ಕೆಲವು ದಿನ ಮುಂಚೆ ನಾವಿಬ್ಬರೂ ಖೂಬಾ ಪ್ಲಾಟ್‌ಗೆ ಬಂದು ಉಳಿದೆವು. ನನ್ನ ಅಣ್ಣನಿಗೆ ಇದೆಲ್ಲ ಸರಿಬರಲಿಲ್ಲ. ಅವನು ನೌಕರಿಯವನು, ನಾಲ್ಕು ಜನ ನೋಡುತ್ತಾರೆ ಎಂಬ ಅಂಜಿಕೆ ಅವನಿಗೆ. ಬೆಳಿಗ್ಗೆ ಕಾರಿನ ಕೀಲಿ ಹಿಡಿದುಕೊಂಡು ಬಂದು ನಿಂತ.

"ಕಾರಿನಾಗ ತಾಸೊತ್ತಿನ ದಾರಿರಿ. ಸೀಟಿನ ಕೆಳಗ ಇಟ್ರ ಯಾರು ನೋಡ್ತಾರ?"

"ನಾ ನೋಡ್ತೀನಲ್ಲೋ ತಮ್ಮಾ," ಎಂದಳು ಅವ್ವ.

ಉಸ್ಮಾನ್ ಸೇಠರು ಅಂಗಡಿ ತೆರೆಯುವ ಮೊದಲೇ ನಾವು ಬಾಗಿಲಲ್ಲಿದ್ದೆವು. ಅವ್ವ ಎಂದಿನಂತೆ ಕಾಡತೂಸುಗಳನ್ನು ಗಾಜಿನ ಮೇಲೆ ಉರುಳಿಸಿ ಆರಿಸಿದಳು. ಈ ಸಲ ಪಲ್ಲೆಯ ಸಿವುಡು ಇರಲಿಲ್ಲ. ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಗಂಟಿನ ಮೇಲೆ ಪರವಾನಗಿಯನ್ನು ಎಲ್ಲರಿಗೂ ಕಾಣುವ ಹಾಗೆ ಪಿನ್ನು ಚುಚ್ಚಿ, ತಲೆಯ ಮೇಲೆ ಹೊತ್ತಳು. ನಾನು ರೊಟ್ಟಿಯ ಗಂಟು, ನೀರಿನ ಬಾಟಲಿ ಹಿಡಿದೆ. ಕಾಡತೂಸು ಮುಟ್ಟಲು ನನಗೆ ಅಧಿಕಾರವಿರಲಿಲ್ಲ. ಸೇಠರು ಮೆಟ್ಟಿಲಿಳಿದು ಬಂದು ಜಗತ್ ಸರ್ಕಲ್ಲಿನವರೆಗೆ ನಮ್ಮ ಜೊತೆ ನಡೆದರು. ಏನೋ ಹೇಳಲು ಬಾಯಿ ತೆರೆದವರು, ಅಮ್ಮಾ, ಆಹಿಸ್ತಾ ಜಾವೋ, ನಿಧಾನ ಹೋಗ್ರಿ ಎಂದಷ್ಟೇ ಹೇಳಿ ಹಿಂದಿರುಗಿದರು.

ಅವ್ವ ಹಿಂದೆ ಎರಡು ಸಲ ಶ್ರೀಶೈಲಕ್ಕೆ ನಡೆದು ಹೋಗಿ ಬಂದವಳು. ರಸ್ತೆಯ ಎಡಬದಿ ಬಿಡದೆ, ಹೆಚ್ಚು ಮಾತಾಡದೆ, ಒಂದೇ ಸಮ ನಡೆದಳು. ಎರಡೂ ಕಡೆ ಬಿಳಿಜೋಳ ಕೊಯ್ಲಿಗೆ ಬಂದಿತ್ತು. ಊರು ದಾಟಿದ ಮೇಲೆ ಒಂದು ಕಡೆ ಹಂದರ ಹಾಕಿ ಪಾದಯಾತ್ರೆಯವರಿಗೆ ಮಜ್ಜಿಗೆ ಕೊಡುತ್ತಿದ್ದರು. ಹಣೆಯ ವಿಭೂತಿ, ತಲೆಯ ಮೇಲಿನ ಬಿಳಿ ಗಂಟು ನೋಡಿ ಅವರು ಅವ್ವನನ್ನು ಯಾತ್ರಿಕಳೆಂದೇ ತಿಳಿದರು. ಒಬ್ಬಾಕೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಮಜ್ಜಿಗೆ ಹೊಯ್ಯುತ್ತಿದ್ದ ಮುದುಕರು ನಾವು ಬಂದ ಕಡೆಗೆ ಕೈ ತೋರಿಸಿ, "ಯವ್ವಾ, ಶ್ರೀಶೈಲ ಆ ಕಡೆ ಅದ. ನೀವು ಉಲ್ಟಾ ಹೊಂಟೀರಿ," ಎಂದರು.

"ನಾ ಶ್ರೀಶೈಲಕ್ಕ ಹೊಂಟಿಲ್ಲೋ ಯಪ್ಪಾ. ಕಾಡತೂಸು ತಗೊಂಡು ಮನೀಗಿ ಹೊಂಟೀನಿ."

ನಮಸ್ಕಾರ ಮಾಡಿದಾಕೆ ಎರಡು ಹೆಜ್ಜೆ ಹಿಂದೆ ಸರಿದಳು. ಮುದುಕರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಗಂಟು ಇಳಿಸದೆ ನಿಂತೇ ಎಲ್ಲ ಹೇಳಿದಳು: ಹಂದಿ, ಬಾಳೆ, ಆದೇಶ, ಕಾಲು. ಅವರು ಕೇಳಿ, ಇನ್ನೊಂದು ಲೋಟ ಮಜ್ಜಿಗೆ ಹೊಯ್ದು ಕೊಟ್ಟರು. ಇದೂ ಒಂದು ಯಾತ್ರೆಯೇ ಎಂದರು.

ಆಮೇಲೆ ಪೊಲೀಸರ ಜೀಪು ನಮ್ಮನ್ನು ನಿಲ್ಲಿಸಿತು. ಯಾರೋ ಫೋನು ಮಾಡಿರಬೇಕು. ಹರೆಯದ ಪೇದೆ ಇಳಿದು ಬಂದು ಗಂಟು ಇಳಿಸಲು ಹೇಳಿದ, ಎಣಿಸಿದ, ಪರವಾನಗಿ ಓದಿದ, ಮತ್ತೆ ಓದಿದ. ಎಲ್ಲ ಸರಿಯಿತ್ತು. ಜೀಪಿನಲ್ಲಿ ಕೂತಿದ್ದ ಅಧಿಕಾರಿಗೆ ಏನು ಮಾಡಬೇಕೋ ತೋಚಲಿಲ್ಲ. ಹತ್ತಿರಿ, ಕಮಲಾಪುರಕ್ಕೆ ಬಿಡುತ್ತೇವೆ ಎಂದರು. ನನ್ನ ಕಾಲಿನಲ್ಲಿ ಗುಳ್ಳೆ ಎದ್ದಿತ್ತು. ಅವ್ವ ಹೂಂ ಅನ್ನಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

"ಜೀಪು ನನ್ನ ಹೆಸರಿಲೆ ಅದಾ ಏನ್ರಿ ಸಾಹೇಬ್ರ?" ಎಂದಳು.

ಅಧಿಕಾರಿ ಕಿಟಕಿಯ ಆಚೆ ಮುಖ ತಿರುಗಿಸಿದರು. ನಕ್ಕದ್ದು ಭುಜದಲ್ಲಿ ಕಂಡಿತು. ಜೀಪು ಸ್ವಲ್ಪ ದೂರ ನಮ್ಮ ಹಿಂದೆಯೇ ನಿಧಾನವಾಗಿ ಬಂದು, ಆಮೇಲೆ ತಿರುಗಿ ಹೋಯಿತು.

ಹೊತ್ತು ಇಳಿಯುವಾಗ ಮಹಾಗಾಂವ ಮುಟ್ಟಿದೆವು. ಕಾಸಿಂಸಾಬರ ಮನೆಯಲ್ಲಿ ಉಳಿದೆವು. ಅವರ ಹೆಂಡತಿ ನಮ್ಮಿಬ್ಬರ ಕಾಲಿಗೂ ಬಿಸಿ ನೀರು ಹಾಕಿದರು. ಅಕ್ಕಾ, ಈ ವಯಸ್ಸಿಗೆ ಇಷ್ಟು ಹಟ ಯಾಕೆ ಎಂದು ಕಾಸಿಂಸಾಬರು ಕೇಳಿದರು.  ಅವ್ವ ಡಬ್ಬಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಕಾಸಿಂಸಾಬರು ಮಿಲಿಟರಿಯ ಹಳೆಯ ಬೂಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಕಮಲಾಪುರದವರೆಗೂ ಬರುತ್ತೇನೆ, ಮುಂದಿನ ಸಲ ನಾನೂ ಹೀಗೇ ತರುತ್ತೇನೆ, ದಾರಿ ನೋಡಿಟ್ಟುಕೊಳ್ಳಬೇಕಲ್ಲ ಎಂದರು. ಹುಟ್ಟಿದಾಗಿನಿಂದ ಓಡಾಡಿದ ದಾರಿ ಅದು.

ಕಮಲಾಪುರ ಠಾಣೆಯಲ್ಲಿ ರೈಟರ್ ಎದ್ದು ಕುರ್ಚಿ ಕೊಟ್ಟ. ಅವ್ವ ಕೂರಲಿಲ್ಲ. ಡಬ್ಬಿ ಬಿಚ್ಚಿ ಎಣಿಸಿ ತೋರಿಸಿ, ಮನೆಗೆ ಬಂದು, ಕಾಲು ಚಾಚಿ ಕೂತಮೇಲೆ ನನ್ನ ಗುಳ್ಳೆಗೆ ಎಣ್ಣೆ ಹಚ್ಚಿದಳು. "ನಿನಗ ಜೀಪಿನಾಗ ಕೂಡೋ ಆಸೆ ಆಗಿತ್ತಲ್ಲ?" ಎಂದಳು. ಹೌದು ಎಂದೆ. "ನನಗೂ ಆಗಿತ್ತು," ಎಂದಳು.

ಮಳೆಗಾಲ ಕಳೆದು ಮುಂದಿನ ಸಲ ಹೋಗುವಾಗ ಕಾಸಿಂಸಾಬರು ಬಂದರು. ಜಮಾ ಮಾಡೋಣ ಎಂದಿದ್ದ ಮಾಸ್ತರರೂ ಬಂದರು, ಕೊಡೆ ಹಿಡಿದುಕೊಂಡು. ಕಾರು ಇದ್ದವರು ಇಬ್ಬರು ಕಾರನ್ನು ಮನೆಯಲ್ಲಿ ಬಿಟ್ಟು ಬಂದರು. ತಲೆಯ ಮೇಲೆ, ಬಗಲಲ್ಲಿ, ಹೆಗಲ ಚೀಲದಲ್ಲಿ ಒಬ್ಬೊಬ್ಬರ ಡಬ್ಬಿ. ಎಲ್ಲದಕ್ಕೂ ಪರವಾನಗಿ ಪಿನ್ನು ಚುಚ್ಚಿತ್ತು. ದಾರಿಯ ಜನ ಅದಕ್ಕೆ ಕಾಡತೂಸಿನ ಪಾದಯಾತ್ರೆ ಎಂದು ಹೆಸರಿಟ್ಟರು. ಅವ್ವ ಎಲ್ಲರಿಗಿಂತ ಮುಂದೆ ನಡೆದಳು. ಮಾಸ್ತರರು ಹಿಂದೆ ಬಿದ್ದಾಗಲೆಲ್ಲ, ಸಾಲಿ ಘಂಟಿ ಹೊಡೆದುಬಿಟ್ಟಿದೆ, ಬನ್ನಿರಿ ಎಂದು ಕೂಗುತ್ತಿದ್ದಳು. ಆದೇಶ ಬದಲಾಗಲಿಲ್ಲ. ಆದರೆ ಕಮಲಾಪುರದಲ್ಲಿ ಅದಕ್ಕೆ ಬೇಸತ್ತು ಬಂದೂಕು ಒಪ್ಪಿಸಿದವರು ಯಾರೂ ಇಲ್ಲ.

ಚಳಿ ಶುರುವಾದಾಗ ಅವಳಿಗೆ ಎದೆನೋವು ಬಂತು. ತೋಟದಲ್ಲಿ ಬಾಳೆಗೆ ಊರುಗೋಲು ಕೊಡುತ್ತಿದ್ದವಳು ಬದುವಿನ ಮೇಲೆ ಕೂತುಬಿಟ್ಟಳು. ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಎರಡು ದಿನ ಮಾತಾಡಿಕೊಂಡಿದ್ದಳು. ಕಾಲು ಬಾತಿದ್ದವು, ನಾನು ಒತ್ತುತ್ತ ಕೂತಿರುತ್ತಿದ್ದೆ. ಎರಡನೆಯ ದಿನ ಮಗನನ್ನೂ ಹತ್ತಿರ ಕರೆದಳು. ನನ್ನ ಗಂಡ ಒಳ್ಳೆಯವರು, ಮೆತ್ತಗಿನವರು; ಗುಂಡಿನ ಸದ್ದಿಗೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾರೆ. ಅವ್ವ ಅವರ ಕೈ ಹಿಡಿದುಕೊಂಡೇ ನನಗೆ ಹೇಳಿದಳು.

"ಲೈಸೆನ್ಸಿನ ಅರ್ಜಿ ನೀ ಹಾಕು ಮಹಾದೇವಿ. ಇವನ ಹೆಸರಿಲೆ ಬ್ಯಾಡ. ಇಂವ ಯಾರರ ಕೇಳಿದ್ರ ಕೊಟ್ಟುಬಿಡ್ತಾನ."

ನನ್ನ ಗಂಡ ಹೌದೆಂಬಂತೆ ತಲೆಯಾಡಿಸಿದರು. ಅವರ ಮುಖದಲ್ಲಿ ಒಂದು ಭಾರ ಇಳಿದಂತೆ ಕಂಡಿತು. ಹಾಕುತ್ತೇನೆ ಎಂದು ನಾನು ಹೇಳಿದೆ. ಮರುದಿನ ನಸುಕಿನಲ್ಲಿ ಅವಳು ಹೋದಳು. ನಾನು ಹತ್ತಿರವೇ ಇದ್ದೆ, ನಿದ್ದೆ ಹತ್ತಿತ್ತು.

ಲೈಸೆನ್ಸ್ ಇದ್ದವರು ತೀರಿಕೊಂಡರೆ ಬಂದೂಕು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೇದೆಯೊಬ್ಬ ಬಂದು ರಸೀದಿ ಬರೆದು ಒಯ್ದ. ಉಳಿದ ಕಾಡತೂಸುಗಳನ್ನೂ ಒಯ್ದ. ಆ ವಾರವೇ ತೋಟಕ್ಕೆ ಹಂದಿ ಬಂದವು. ಪಟಾಕಿ ಹಚ್ಚಿದೆವು, ಡಬ್ಬ ಬಡಿದೆವು. ಅವು ಸ್ವಲ್ಪ ದೂರ ಹೋಗಿ ನಿಂತು, ನಾವು ಸುಮ್ಮನಾಗುವುದನ್ನೇ ಕಾದು ಮತ್ತೆ ಬಂದವು. ಕೊನೆಯ ಎರಡು ಸಾಲು ಹೋದವು.

ನಾನು ಅರ್ಜಿ ಹಾಕಿದೆ. ಹತ್ತನೆಯವರೆಗೆ ಓದಿದವಳು, ಬರೆಯುವುದು ಬರುತ್ತದೆ. ಕಚೇರಿಯಲ್ಲಿ ಮಾತಾಡುವುದು ಬರುತ್ತಿರಲಿಲ್ಲ. ಠಾಣೆಗೆ ಹೊಸ ಸಾಹೇಬರು ಬಂದಿದ್ದರು. ಗಂಡ ಇದ್ದಾರಲ್ಲ, ಅವರ ಹೆಸರಿನಲ್ಲಿ ಯಾಕೆ ಹಾಕಲಿಲ್ಲ ಎಂದು ಕೇಳಿದರು. ಅವರಿಗೆ ಬೇಡವಂತೆ, ನನಗೆ ಬೇಕು ಎಂದೆ. ಈಗ ಹೊಸ ಲೈಸೆನ್ಸ್ ಕೊಡುವುದು ಕಡಿಮೆ ಮಾಡಿದ್ದಾರೆ, ಕಾಡತೂಸಿಗೂ ಇಷ್ಟು ಕಷ್ಟವಿದೆ, ಸುಮ್ಮನೆ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀರಿ ಎಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ನಾನು ಅರ್ಜಿಯನ್ನು ಅವರ ಮುಂದೆ ಸರಿಸಿದೆ.

"ಒಬ್ಬೊಬ್ಬರು ಸತ್ತಂಗ ಒಂದೊಂದು ಲೈಸೆನ್ಸ್ ಕಡಿಮಿ ಆಗ್ಲಿ ಅಂತ ಇರಬೇಕ್ರಿ ಸಾಹೇಬ್ರ," ಎಂದೆ. "ನಮ್ಮ ಮನಿಯಿಂದ ಒಂದೂ ಕಡಿಮಿ ಆಗಾಂಗಿಲ್ರಿ."

ಅವರು ಅರ್ಜಿಯ ಮೇಲೆ ಏನೋ ಬರೆದು ಕಲಬುರಗಿಗೆ ಕಳಿಸಿದರು. ಏನು ಬರೆದರೋ ಗೊತ್ತಿಲ್ಲ. ತರಬೇತಿ ಬೇಕೆಂದರು, ಹೋಗಿ ಬಂದೆ. ವೈದ್ಯರ ಕಾಗದ ಬೇಕೆಂದರು, ತಂದುಕೊಟ್ಟೆ. ಇನ್ನೇನು ಕೇಳಿದರೂ ಕೊಡುತ್ತೇನೆ.

ಈ ಶಿವರಾತ್ರಿಗೆ ಮುಂಚೆ ಗುಂಪು ಮತ್ತೆ ಜಗತ್‌ನಿಂದ ಹೊರಟಿತು. ನಾನೂ ಹೋದೆ. ಲೈಸೆನ್ಸ್ ಇಲ್ಲದವಳು ಕಾಡತೂಸು ಹೊರುವಂತಿಲ್ಲ. ಎಲ್ಲರ ರೊಟ್ಟಿ ನಾನು ಹೊತ್ತೆ. ಊರು ದಾಟುವವರೆಗೆ ಯಾರೂ ಮುಂದೆ ನಡೆಯಲಿಲ್ಲ. ಎಲ್ಲರೂ ಪಕ್ಕಪಕ್ಕಕ್ಕೆ ಸರಿದು, ಒಬ್ಬರಿಗೊಬ್ಬರು ದಾರಿ ಬಿಡುತ್ತ, ಹೆಜ್ಜೆ ತಡೆದು ತಡೆದು ಹೋಗುತ್ತಿದ್ದರು. ಕೊನೆಗೆ ಕಾಸಿಂಸಾಬರು ನಿಂತು, "ನೀ ಮುಂದ ನಡಿ ಮಗಳಾ," ಎಂದರು. ನಾನು ಮುಂದೆ ನಡೆದೆ.

ಅರ್ಜಿ ಇನ್ನೂ ಕಲಬುರಗಿಯಲ್ಲಿದೆ. ಬಂದೂಕು ಠಾಣೆಯಲ್ಲಿದೆ. ಅವ್ವ ಇಲ್ಲ.